ಹದಿನೇಳನೇ ಜಾಗದ ಸಿಬ್ಬಂದಿಯ ವಿದೇಶ ಪ್ರವಾಸ

ನೀರಿನ ಮೀಟರ್ ಪರಿಶೀಲನಾ ಕಚೇರಿಯಲ್ಲಿ ವಿದೇಶ ಪ್ರವಾಸಕ್ಕೆಂದು ರಜೆ ಮಂಜೂರಾದ ಮೊಟ್ಟಮೊದಲ ಸಿಬ್ಬಂದಿಯು ಒಂದು ಮೋಟಾರ್ ಸೈಕಲ್ ಆಗಿರುತ್ತದೆ.

ಹೊರಗಿನವರು ಇದನ್ನು ಕೇಳಿ ನಗುತ್ತಾರಂತೆ. ನಗಲಿ, ಅವರಪ್ಪನ ಗಂಟೇನು ಹೋಗಬೇಕು! ನಾನು ಇಪ್ಪತ್ತೆರಡು ವರ್ಷದಿಂದ ಟಪಾಲು ವಿಭಾಗದಲ್ಲಿದ್ದೇನೆ. ಈ ಕಡತದ ಒಂದೊಂದು ಹಾಳೆಯೂ ನನ್ನ ಕೈಮೇಲೇ ಹೋಗಿದೆ. ಎಲ್ಲೂ ಎಳ್ಳಷ್ಟೂ ನಿಯಮ ಮೀರಿಲ್ಲ.

ನಡೆದದ್ದು ಇಷ್ಟು. ನಮ್ಮ ಮೀಟರ್ ಪರಿಶೀಲಕರಿಗೂ ಅವರ ಹೆಂಡತಿಗೂ ಮದುವೆಯಾದಾಗಿನಿಂದ ಒಂದೇ ಆಸೆ. ಗಡಿಯಾಚೆಯ ದೇಶದಲ್ಲಿ ಬಲು ಎತ್ತರದ ಬೆಟ್ಟದ ದಾರಿಯೊಂದಿದೆ. ಹಿಮ ಕರಗಿ ವರ್ಷಕ್ಕೆ ಐದೇ ವಾರ ತೆರೆದಿರುತ್ತದಂತೆ. ಅಲ್ಲಿಗೆ ತಮ್ಮ ಬೈಕಿನಲ್ಲೇ ಇಬ್ಬರೂ ಹೋಗಬೇಕು. ಹದಿನಾಲ್ಕು ವರ್ಷದಿಂದ ಅಡುಗೆಮನೆಯ ಗೋಡೆಗೆ ನಕ್ಷೆ ಅಂಟಿಸಿಕೊಂಡು ಕೂತಿದ್ದರು. ಎಣ್ಣೆ ಸಿಡಿದು ಸಿಡಿದು ಎರಡು ದೇಶಗಳ ನಡುವಿನ ಗಡಿಯೇ ಅಳಿಸಿಹೋಗಿತ್ತು. "ಈ ವರ್ಷ ಹೋಗ್ದಿದ್ರೆ ಇನ್ನು ನಿಮ್ಮ ಸೊಂಟ ಕೇಳಲ್ಲ ರೀ," ಎಂದು ಹೆಂಡತಿ ಹೇಳಿದ ಮೇಲೆ ಪರಿಶೀಲಕರು ಹದಿನೆಂಟು ದಿನದ ರಜೆಗೆ ಅರ್ಜಿ ಹಾಕಿದರು.

ಎಡವಿದ್ದು ಒಂಬತ್ತನೇ ಕಲಮಿನಲ್ಲಿ. "ಜೊತೆಯಲ್ಲಿ ಪ್ರಯಾಣಿಸುವ ಕಚೇರಿ ಸಿಬ್ಬಂದಿ" ಎಂದು ಅಲ್ಲಿ ಕೇಳಿದೆ. ನಮ್ಮಲ್ಲಿ ಯಾವ ಕಲಮನ್ನೂ ಖಾಲಿ ಬಿಡುವಂತಿಲ್ಲ. ಬರೀ ಗೆರೆ ಎಳೆದರೂ ಅರ್ಜಿ ವಾಪಸ್. ಹಾಗಾಗಿ ಏನಾದರೊಂದು ಗೀಚುವುದು ವಾಡಿಕೆ. ನಾನೇ ಒಮ್ಮೆ ಜ್ವರಕ್ಕೆ ರಜೆ ಕೇಳುವಾಗ ಆ ಕಲಮಿನಲ್ಲಿ "ಕೆಮ್ಮು" ಎಂದು ಬರೆದಿದ್ದೆ, ಇಬ್ಬರಿಗೂ ಮಂಜೂರಾಯಿತು. ಪರಿಶೀಲಕರು ಬೈಕಿನ ನಂಬರ್ ಬರೆದರು.

ಅರ್ಜಿ ಹೆಡ್ ಕ್ಲಾರ್ಕ್ ಮೇಡಂ ಮುಂದೆ ಹೋಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾಯಮಾನ ಅವರದಲ್ಲ. ಅವರು ಕರುವಿನ ಹಾಜರಿ ಪುಸ್ತಕ ತರಿಸಿ ನೋಡುವವರು. ಗೇಟಿನ ರಿಜಿಸ್ಟರ್ ತರಿಸಿದರು. ಹದಿನೇಳನೇ ಜಾಗದಲ್ಲಿ ನಿಲ್ಲುವ ಆ ಬೈಕು ಹನ್ನೊಂದು ವರ್ಷದಿಂದ ಕಚೇರಿಯ ಕೆಲಸದಲ್ಲಿದೆ. ಬಂದ ಹೊತ್ತು, ಹೋದ ಹೊತ್ತು ಎಲ್ಲವನ್ನೂ ಕಾವಲುಗಾರರು ಬರೆದಿಟ್ಟಿದ್ದಾರೆ. ಪರಿಶೀಲಕರು ಹುಷಾರಿಲ್ಲದೆ ಮಲಗಿದ್ದ ದಿನವೂ ಅದು ಬಂದಿದೆ. ಅವರ ರಜೆಚೀಟಿಯನ್ನು ಭಾವಮೈದುನ ಅದರ ಮೇಲೇ ತಂದುಕೊಟ್ಟಿದ್ದ.

"ನೋಡಿ, ನೀವೂ ಅದೂ ಒಂದೇ ವಿಭಾಗ," ಎಂದರು ಮೇಡಂ. "ಒಂದೇ ವಿಭಾಗದ ಇಬ್ಬರು ಒಟ್ಟಿಗೆ ರಜೆ ಹೋಗೋ ಹಾಗಿಲ್ಲ."

"ಮೇಡಂ, ಅದು ಬೈಕು!"

"ನಾನೇನು ಅಲ್ಲ ಅಂದ್ನಾ? ಹುದ್ದೆ ಯಾವುದಾದ್ರೇನು, ನಿಯಮ ಎಲ್ರಿಗೂ ಒಂದೇ."

"ಅದನ್ನ ಬಿಟ್ಟು ನಾನು ಹೋಗೋದಾದ್ರೂ ಹೇಗೆ?"

"ನೀವು ಹೋಗ್ತೀರಿ ಅಂತ ಯಾರು ಹೇಳಿದ್ರು? ಯಾರ ರಜೆ ಹೆಚ್ಚು ಉಳಿದಿದೆಯೋ ಅವರಿಗೆ ಮೊದಲು. ನಿಮ್ಮದು ಇಪ್ಪತ್ತು ದಿನ. ಅದರದ್ದು ಮುನ್ನೂರ ಮೂವತ್ತು."

ಪರಿಶೀಲಕರು ಓಡೋಡಿ ನನ್ನ ಮೇಜಿಗೆ ಬಂದರು. "ಆ ಕಲಮ್ ಒಂದು ಹೊಡೆದುಹಾಕಿಬಿಡಿ ಸಾರ್, ನಿಮ್ಮ ದಮ್ಮಯ್ಯ," ಎಂದರು. ಕಣ್ಣಲ್ಲಿ ನೀರಿತ್ತು. ನನಗೂ ಅಯ್ಯೋ ಪಾಪ ಎನಿಸಿತು, ಸುಳ್ಳೇಕೆ ಹೇಳಲಿ. ಆದರೆ ಮುದ್ರೆ ಒತ್ತಿಯಾಗಿತ್ತು. ಆಡಿದ ಮಾತನ್ನು ಬೇಕಾದರೆ ನುಂಗಬಹುದು, ಒತ್ತಿದ ಮುದ್ರೆಯನ್ನು ನುಂಗಲಾಗುತ್ತದೆಯೇ?

ಕೊನೆಗೆ ಸಾಹೇಬರ ಬಳಿ ಹೋದರು. ಸಾಹೇಬರು ಸಮಾಧಾನವಾಗಿ ಕೇಳಿಸಿಕೊಂಡರು.

"ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದ್ರೆ ಹನ್ನೊಂದು ವರ್ಷ ನಿಮ್ಮನ್ನ ಹೊತ್ತು ತಿರುಗಿದೆ ಅದು. ಅದಕ್ಕೊಂದು ಒಳ್ಳೇದಾಗೋ ಹೊತ್ತಿಗೆ ಅಡ್ಡಗಾಲು ಹಾಕ್ತೀರಲ್ರೀ, ಸರೀನಾ?"

"ತಪ್ಪಾಯ್ತು ಸಾರ್," ಎಂದರು ಪರಿಶೀಲಕರು.

"ಅಂದ ಹಾಗೆ, ಅದಕ್ಕೆ ಎರಡೂ ಪಕ್ಕ ಪೆಟ್ಟಿಗೆ ಇದೆಯಾ?"

"ಇದೆ ಸಾರ್."

"ದೊಡ್ಡದಾ?"

ಮರುದಿನವೇ ಆದೇಶ ಹೊರಬಿತ್ತು: "ಸ್ಥಳ ಸಂಖ್ಯೆ ಹದಿನೇಳರ ಸಿಬ್ಬಂದಿಗೆ ಹದಿನೆಂಟು ದಿನಗಳ ವಿದೇಶ ಪ್ರವಾಸ ರಜೆಯನ್ನು ಮಂಜೂರು ಮಾಡಿದೆ. ಸದರಿ ಸಿಬ್ಬಂದಿಯನ್ನು ಓಡಿಸಲು ಕಚೇರಿಗೆ ಸಂಬಂಧಪಡದ ಒಬ್ಬ ವ್ಯಕ್ತಿಯನ್ನು ಜೊತೆಗೆ ಕಳುಹಿಸಬಹುದು. ಹಿಂದಿರುಗುವಾಗ ಅನುಬಂಧದಲ್ಲಿ ನಮೂದಿಸಿದ ವಸ್ತುಗಳನ್ನು ತರತಕ್ಕದ್ದು. ರಜೆಯ ಅವಧಿಯಲ್ಲಿ ಸ್ಥಳ ಸಂಖ್ಯೆ ಹದಿನೇಳು ಖಾಲಿ ಇರತಕ್ಕದ್ದಲ್ಲ. ಅದರ ಪ್ರಭಾರವನ್ನು ಅದೇ ವಿಭಾಗದ ಮೀಟರ್ ಪರಿಶೀಲಕರು ವಹಿಸಿಕೊಳ್ಳತಕ್ಕದ್ದು."

ಅನುಬಂಧವೇ ಮೂರು ಪುಟ. ಸಾಹೇಬರಿಗೆ ಉಣ್ಣೆಯ ಕಂಬಳಿ ನಾಲ್ಕು, ಮೇಡಂಗೆ ಗೋಡೆ ಗಡಿಯಾರ, ಸಾಹೇಬರ ಅತ್ತೆಗೆ ಕಾಲು ಒತ್ತುವ ಯಂತ್ರ. ನಾನೂ ಒಂದು ಜೊತೆ ಬೂಟು ಬರೆಸಿದೆ. ಊರೆಲ್ಲ ಬರೆಸುವಾಗ ನಾನೊಬ್ಬ ಸುಮ್ಮನಿದ್ದರೆ ಗರ್ವ ಎಂದುಕೊಳ್ಳುವುದಿಲ್ಲವೇ?

ಕಚೇರಿಗೆ ಸಂಬಂಧಪಡದ ವ್ಯಕ್ತಿ ಪರಿಶೀಲಕರ ಹೆಂಡತಿಯೇ. ಗಂಡನಿಗೆ ಬೈಕ್ ಕಲಿಸಿದ್ದೇ ಆಕೆ. ಹೊರಡುವ ಬೆಳಿಗ್ಗೆ ಕಚೇರಿಯ ಅಂಗಳದಲ್ಲಿ ಬೀಳ್ಕೊಡುಗೆ ಏರ್ಪಾಡಾಗಿತ್ತು. ಸಾಹೇಬರು ಬೈಕಿನ ಹೆಡ್‌ಲೈಟಿನ ಮುಖ ನೋಡಿಕೊಂಡು ಎರಡು ಮಾತು ಆಡಿದರು. ಅದು ಮಿತಭಾಷಿ ಎಂದೂ, ಯಾವತ್ತೂ ಎದುರಾಡಿದ್ದಿಲ್ಲ ಎಂದೂ ಹೊಗಳಿದರು. ನಮ್ಮ ಸಿಬ್ಬಂದಿಯಲ್ಲಿ ಕೆಲವರು ಆಗ ನೆಲ ನೋಡಿದರು.

ಹೆಂಡತಿ ಹೆಲ್ಮೆಟ್ಟಿನ ಗಾಜು ಮೇಲೆತ್ತಿದರು. "ರೀ, ನೀವಿಲ್ದೆ ನನಗೆ ಮನಸ್ಸೇ ಬರ್ತಿಲ್ಲ. ಹೋಗ್ದೇ ಇದ್ಬಿಡ್ಲಾ?"

"ಬೇಡ ಕಣೇ. ಐದು ವಾರದಲ್ಲಿ ಮೂರು ಆಗ್ಲೇ ಕಳೀತು. ನೀನಾದ್ರೂ ನೋಡ್ಕೊಂಡು ಬಾ," ಎಂದರು ಪರಿಶೀಲಕರು. ಆಮೇಲೆ ಬೈಕಿನ ಸೀಟನ್ನು ತಮ್ಮ ಕರವಸ್ತ್ರದಿಂದ ಒರೆಸಿದರು. "ಏರು ದಾರೀಲಿ ಇದನ್ನ ಅವಸರ ಮಾಡ್ಬೇಡ. ಮುನಿಸಿಕೊಳ್ಳುತ್ತೆ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಇದೇ. ಬೈಕು ಗೇಟು ದಾಟುತ್ತಿದ್ದಂತೆ ಅವರು ಹದಿನೇಳನೇ ಜಾಗಕ್ಕೆ ಹೋಗಿ ನಿಂತರು.

ಮೊದಲೆರಡು ದಿನ ತೊಂದರೆಯಾಯಿತು. "ಸಾರ್, ಸ್ವಲ್ಪ ಎಡಕ್ಕೆ ವಾಲಿ ನಿಲ್ಲಿ. ನೆಟ್ಟಗೆ ನಿಂತ್ರೆ ಪಕ್ಕದ ಸ್ಕೂಟರ್ ತೆಗೆಯೋಕಾಗಲ್ಲ," ಎಂದು ಕಾವಲುಗಾರರು ಹೇಳಿಕೊಡಬೇಕಾಯಿತು. ಮೂರನೇ ದಿನದಿಂದ ಅವರು ತಾವಾಗಿಯೇ ಒಂದು ಕಾಲಿನ ಮೇಲೆ ಭಾರ ಬಿಟ್ಟು ವಾಲತೊಡಗಿದರು. ಮಳೆ ಬಂದರೆ ಕಾವಲುಗಾರರು ಪ್ಲಾಸ್ಟಿಕ್ ಹೊದಿಕೆ ಹಾಕುತ್ತಿದ್ದರು. ಮೀಟರ್ ನೋಡುವ ಕೆಲಸ ಏನಾಯಿತು ಎಂದು ಕೇಳಬಹುದು. ಬೈಕಿಲ್ಲದೆ ಸುತ್ತು ಹೋಗಲಾಗದು ಎಂದು ಅವರೇ ಬರೆದುಕೊಟ್ಟಿದ್ದರು, ಒಪ್ಪಿಕೊಂಡೆವು.

ಅಷ್ಟರಲ್ಲಿ ಕಚೇರಿಯಲ್ಲಿ ಇನ್ನೊಂದು ಮಾತೆದ್ದಿತು. ಒಬ್ಬರಿಗೆ ಬೆಣ್ಣೆ, ಒಬ್ಬರಿಗೆ ಸುಣ್ಣ ಆಗಬಾರದು. ರಜೆಯನ್ನೇ ಕಾಣದೆ ದುಡಿದವರು ಬೇರೆಯೂ ಇದ್ದಾರಲ್ಲ? ಮೇಡಂ ರಾತ್ರಿ ಹಗಲೆನ್ನದೆ ಕೂತು ಹೊಸ ಸೇವಾಜ್ಯೇಷ್ಠತಾ ಪಟ್ಟಿ ತಯಾರಿಸಿದರು. ವರ್ಷಕ್ಕೊಬ್ಬರಂತೆ ವಿದೇಶ ಪ್ರವಾಸ. ಮೊದಲು ಜೆರಾಕ್ಸ್ ಯಂತ್ರ. ಆಮೇಲೆ ಸಭಾಂಗಣದ ಮೂರು ರೆಕ್ಕೆಯ ಎರಡು ಫ್ಯಾನುಗಳು. ನಾಲ್ಕನೆಯವರು ಪರಿಶೀಲಕರು. ಐದನೆಯದು ಕಬ್ಬಿಣದ ಬೀರು. ನನ್ನದು ಒಂಬತ್ತನೇ ಸ್ಥಾನ, ಟಪಾಲು ವಿಭಾಗದ ಸ್ಟೂಲಿನ ನಂತರ. ಅದರ ಸೇವೆ ನನಗಿಂತ ಎರಡು ವರ್ಷ ಹೆಚ್ಚು. ಹೊಟ್ಟೆಕಿಚ್ಚು ಪಟ್ಟು ಏನು ಬಂತು?

ಪಟ್ಟಿ ಅಂಟಿಸಿದ ಮಧ್ಯಾಹ್ನವೇ ಬೆಟ್ಟದ ತುದಿಯಿಂದ ಹೆಂಡತಿಯ ಫೋನ್ ಬಂತು. ನಾವೆಲ್ಲ ಹದಿನೇಳನೇ ಜಾಗದ ಸುತ್ತ ಸೇರಿದೆವು. ಫೋನಿನ ತುಂಬ ಗಾಳಿ.

"ತಲುಪಿದ್ವಿ ರೀ! ಎಷ್ಟು ಚೆನ್ನಾಗಿದೆ ಗೊತ್ತಾ? ನೀವಿರ್ಬೇಕಿತ್ತು," ಎಂದು ಆಕೆ ಅತ್ತೇಬಿಟ್ಟರು. "ಮುಂದಿನ ವರ್ಷನಾದ್ರೂ ಬರ್ತೀರಾ?"

"ಮುಂದಿನ ವರ್ಷ ಜೆರಾಕ್ಸ್ ಕಣೇ. ಆಮೇಲೆ ಎರಡು ಫ್ಯಾನು, ಒಂದೊಂದು ವರ್ಷಕ್ಕೆ ಒಂದೊಂದು. ಅದಾದ್ಮೇಲೆ ನಾನು. ಬೀರು ಇನ್ನೂ ನನ್ನ ಹಿಂದಿದೆ."

ಇನ್ನೇನು ಬೈಗುಳ ಶುರುವಾಯಿತು ಎಂದುಕೊಂಡು ಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದರು.

"ಫ್ಯಾನ್‌ಗಳು ಇಲ್ಲಿಗೆ ಬಂದು ಏನ್ಮಾಡ್ತವೆ ರೀ, ಇಷ್ಟೊಂದು ಗಾಳೀಲಿ?"

"ಮೂವತ್ತು ವರ್ಷದಿಂದ ಬೇರೆಯವರಿಗೇ ಗಾಳಿ ಹಾಕಿವೆ ಕಣೇ," ಎಂದರು ಪರಿಶೀಲಕರು. "ಒಂದ್ಸಲ ಅವೂ ಸುಮ್ನೆ ನಿಂತು ಗಾಳಿ ತಗೊಳ್ಳಲಿ."

"ಹೌದು, ಪಾಪ," ಎಂದರು ಆಕೆ ಮೂಗೊರೆಸಿಕೊಂಡು. "ಬರೋವಾಗ ಸ್ವೆಟರ್ ಹಾಕ್ಕೊಂಡು ಬರೋಕೆ ಹೇಳಿ. ಇಲ್ಲಿ ತುಂಬಾ ಚಳಿ."

ಮೇಡಂ ಅಲ್ಲೇ ನಿಂತು ನನ್ನ ಕೈಯಲ್ಲಿ ಟಿಪ್ಪಣಿ ಬರೆಸಿದರು: ಸ್ವೆಟರ್ ಎರಡು, ತಲಾ ಮೂರು ತೋಳಿನವು.