ಹದಿನೇಳು ಸೀರೆಗಳ ಗುಡ್ಡ

ಉದ್ಯಾನದ ಬಾಗಿಲಲ್ಲಿ ಚಹಾದಂಗಡಿ ಇಟ್ಟವಳು ನಗುವನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದೇ ನಡೆದು ಬಂದು, ಬೆಂಚಿನ ಮೇಲೆ ಕುಳಿತು, "ಸಕ್ಕರಿ ಕಡಿಮಿ ಹಾಕ್ರಿ" ಎನ್ನುತ್ತದೆ.

ಉಗರಗೋಳದ ಮಗ್ಗುಲಲ್ಲಿ ಹಸಿರಾಗಿ ಕಾಣುವ ಗುಡ್ಡ ನಮ್ಮದು. ಈಗ ಅದಕ್ಕೆ ವೃಕ್ಷೋದ್ಯಾನ ಎಂಬ ಹೆಸರು ಬಂದಿದೆ. ಒಳಗೆ ಬೇವು, ಹೊಂಗೆ, ಹುಣಸೆ. ನಡುನಡುವೆ ಕಲ್ಲು ಹಾಸಿದ ಕಾಲುದಾರಿಗಳು. ಇಪ್ಪತ್ತೈದು ವರ್ಷದ ಹಿಂದೆ ಅಲ್ಲಿದ್ದದ್ದು ಕಲ್ಲು, ಹಾವು ಮತ್ತು ಬಿಸಿಲು ಮಾತ್ರ. ಕೂಲಿಗೆ ಬಂದ ಹದಿನೇಳು ಹೆಂಗಸರು ಗುಂಡಿ ತೋಡಿ, ಸಸಿ ನೆಟ್ಟು, ತಲೆಯ ಮೇಲೆ ನೀರು ಹೊತ್ತು ಅದನ್ನು ಕಾಡು ಮಾಡಿದೆವು. ಆ ಹದಿನೇಳರಲ್ಲಿ ನಾನೂ ಒಬ್ಬಳು.

ನಾನು ಸಾಲೆಯ ಮೆಟ್ಟಿಲು ಹತ್ತಿದವಳಲ್ಲ. ಗುಡ್ಡದಲ್ಲಿ ಗಿಡಗಳ ಪ್ರತಿ ಸಾಲಿನ ತುದಿಗೆ ತಗಡಿನ ಮೇಲೆ ಗಿಡದ ಹೆಸರು ಬರೆದು ನಿಲ್ಲಿಸಿದ್ದರು. ಗಿಡ ಗೊತ್ತಿತ್ತು, ಅಕ್ಷರ ಗೊತ್ತಿರಲಿಲ್ಲ. ಗಿಡ ನೋಡಿ ಅಕ್ಷರ ಕಲಿತೆ. ಆಮೇಲೆ ಭಜಿ ಕಟ್ಟುವ ಪೇಪರು ಓದಿದೆ, ಅದರ ನಂತರ ಸವದತ್ತಿಯ ಗ್ರಂಥಾಲಯದ ಪುಸ್ತಕ. ಈಗ ನನಗೆ ಬಂದ ಕಾಗದವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳುವ ಪ್ರಸಂಗವೇ ಇಲ್ಲ.

ಹೋದ ವರ್ಷ ಉದ್ಯಾನದ ಸಾಹೇಬರು, ಬಾಗಿಲಲ್ಲಿ ಈ ಗುಡ್ಡದ ಇತಿಹಾಸ ಹೇಳುವ ದೊಡ್ಡ ಫಲಕ ಹಾಕಿಸುತ್ತೇವೆ ಎಂದರು. ಅವತ್ತೇ ನಾನು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ: ಆ ಫಲಕದ ಮೇಲೆ ನಮ್ಮ ಹದಿನೇಳು ಹೆಸರು ಬರಬೇಕು. ಆದರೆ ಈ ಗುಡ್ಡಕ್ಕೆ ಬರುವ ಪ್ರತಿಯೊಬ್ಬರೂ ಒಂದೊಂದು ಇತಿಹಾಸವನ್ನು ಕಿಸೆಯಲ್ಲಿ ಇಟ್ಟುಕೊಂಡೇ ಬರುತ್ತಾರೆ. ಮೊದಲು ಅವುಗಳ ಜೊತೆ ಹೋರಾಡಬೇಕಾಯಿತು.

೧. ಏಳು ತಿರುವಿನ ದಾರಿ

ಗುಡ್ಡದ ಬುಡದಿಂದ ನೆತ್ತಿಗೆ ಹೋಗುವ ದಾರಿಗೆ ಏಳು ತಿರುವುಗಳಿವೆ. ನೇರ ಹೋದರೆ ಅರ್ಧ ಹೊತ್ತಿನಲ್ಲಿ ಮುಟ್ಟಬಹುದು. ಒಮ್ಮೆ ನಿವೃತ್ತ ಪ್ರಾಧ್ಯಾಪಕರೊಬ್ಬರು ಕಾಲೇಜಿನ ಮಕ್ಕಳನ್ನು ಕರೆತಂದು, ಗುಡ್ಡ ಹತ್ತಿ ಇಳಿದು, ನನ್ನ ಅಂಗಡಿಯ ಮುಂದೆಯೇ ನಿಂತು ಪಾಠ ಮಾಡಿದರು. ಇದು ಕಿತ್ತೂರಿನಿಂದ ತೊರಗಲ್ ಕೋಟೆಗೆ ಸುದ್ದಿ ಒಯ್ಯುವ ಕುದುರೆ ಸವಾರರ ಗುಪ್ತ ದಾರಿಯಂತೆ. ವೈರಿಯ ಗುಂಡು ತಾಗಬಾರದೆಂದು ತಿರುವುಗಳನ್ನು ಲೆಕ್ಕ ಹಾಕಿ ಇಟ್ಟಿದ್ದಂತೆ. ಮಕ್ಕಳು ಬರೆದುಕೊಳ್ಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಸರ್, ಅದು ಕುದುರಿ ಅಲ್ರಿ, ಕತ್ತಿ" ಎಂದೆ.

ಸಸಿ ನೆಡುವ ಕಾಲದಲ್ಲಿ, ಕೆಳಗಿನ ಕೆರೆಯಿಂದ ನೀರು ಹೊರಲು ನಮ್ಮ ಕೂಲಿಯ ಮೇಸ್ತ್ರಿ ಒಂದು ಕತ್ತೆಯನ್ನು ಬಾಡಿಗೆಗೆ ತಂದಿದ್ದ. ಆ ಕತ್ತೆಗೆ ದೊಡ್ಡ ಬಂಡೆ ಕಂಡರೆ ಆಗುತ್ತಿರಲಿಲ್ಲ. ಬಂಡೆ ಬಂದಲ್ಲೆಲ್ಲ ಸುತ್ತು ಹಾಕಿ ಹೋಗುತ್ತಿತ್ತು. ದಾರಿಯಲ್ಲಿ ಏಳು ಬಂಡೆ, ಅದಕ್ಕೇ ಏಳು ತಿರುವು. ಅದು ತುಳಿದು ತುಳಿದು ನೆಲ ಸವೆದಿತ್ತು. ಕಲ್ಲು ಹಾಸುವವರು ಬಂದಾಗ ಬೇರೆ ದಾರಿ ಹುಡುಕುವ ತಾಪತ್ರಯ ಯಾಕೆಂದು ಅದರ ಮೇಲೆಯೇ ಹಾಸಿ ಹೋದರು.

ಪ್ರಾಧ್ಯಾಪಕರು ಇದಕ್ಕೆ ಆಧಾರ ಏನು ಎಂದು ಕೇಳಿದರು.

"ಮ್ಯಾಲ ಹೋಗುಮುಂದ ಆ ದೊಡ್ಡ ಬಂಡಿ ಹತ್ರ ನೀವು ಎಡಕ್ಕ ಹೊರಳಿದ್ರೋ ಇಲ್ಲೋ?"

"ಹೊರಳಿದೆ."

"ಯಾಕ್ರಿ? ಯಾವ ವೈರಿ ಬಂದಿದ್ದ?"

ಮಕ್ಕಳು ನಗುವುದಕ್ಕೆ ಶುರು ಮಾಡಿದರು. ಆ ಮನುಷ್ಯ ದೊಡ್ಡವರು, ಸಿಟ್ಟಾಗಲಿಲ್ಲ. ಬೆಂಚಿನ ಮೇಲೆ ಕುಳಿತು ಚಹಾ ಕುಡಿದರು. ಹೋಗುವಾಗ ಹತ್ತಿರ ಬಂದು, ಆ ಕತ್ತೆ ಯಾವ ಊರಿನದು ಎಂದು ಮೆಲ್ಲಗೆ ಕೇಳಿದರು. ಮನೋಳಿಯದು ಎಂದೆ. ಮಕ್ಕಳ ಕಡೆ ಒಮ್ಮೆ ತಿರುಗಿ ನೋಡಿ ಹೇಳಿದರು: "ನನ್ನದೂ ಮನೋಳೀನ ಅವ್ವಾ. ಮಕ್ಕಳ ಮುಂದ ಹೇಳಬ್ಯಾಡ."

೨. ನನ್ನ ಹಸಿರು ಸೀರೆ

ಸಸಿ ನೆಟ್ಟ ಮೇಲೆ ಯಾವುದು ಯಾರದು ಎಂಬ ತಕರಾರು ಬಂತು. ಒಣಗಿದ ಸಸಿಯ ಜಾಗದಲ್ಲಿ ನೆಟ್ಟವಳೇ ಮತ್ತೆ ಗುಂಡಿ ತೋಡಬೇಕು ಎಂದು ಮೇಸ್ತ್ರಿ ಹೇಳಿದ ಮೇಲಂತೂ ಒಣಗಿದ ಸಸಿಗಳೆಲ್ಲ ಪಕ್ಕದ ಸಾಲಿನವಳದೇ ಆಗತೊಡಗಿದವು. ಅದಕ್ಕೆ ನಾವು ಒಂದು ಉಪಾಯ ಮಾಡಿದೆವು. ಪ್ರತಿಯೊಬ್ಬಳೂ ತನ್ನ ಹಳೆಯ ಸೀರೆ ಹರಿದು, ತನ್ನ ಸಾಲಿನ ಸಸಿಗಳಿಗೆಲ್ಲ ಒಂದೊಂದು ಚಿಂದಿ ಕಟ್ಟಿದಳು. ನನ್ನದು ಹಸಿರು ನೈಲಾನ್ ಸೀರೆ, ಬೈಲಹೊಂಗಲದ ಪೇಟೆಯಲ್ಲಿ ಕೊಂಡದ್ದು. ಮಳೆಗೆ ಕೊಳೆಯುವುದಿಲ್ಲ, ಬಿಸಿಲಿಗೆ ಹೆದರುವುದಿಲ್ಲ, ಥೇಟ್ ನನ್ನ ಹಾಗೆ.

ಸಸಿ ಮರವಾಯಿತು. ಬಾಗಿಲ ಹತ್ತಿರದ ಬೇವು ಆ ಚಿಂದಿಯನ್ನು ಅರ್ಧ ನುಂಗಿ, ಅರ್ಧ ಹೊರಗೆ ಬಿಟ್ಟುಕೊಂಡು ನಿಂತಿದೆ. ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬರುವವರು ಅದನ್ನು ಕಂಡರು. ಯಾರೋ ಹರಕೆ ಹೊತ್ತು ಕಟ್ಟಿದ್ದು ಎಂದುಕೊಂಡು ತಾವೂ ಒಂದು ಚಿಂದಿ ಕಟ್ಟಿದರು. ಅವರದನ್ನು ನೋಡಿ ಮತ್ತೊಬ್ಬರು. ಎರಡೇ ವರ್ಷದಲ್ಲಿ ಬೇವು ಮದುಮಗಳಾಯಿತು.

ರಾಮದುರ್ಗದ ಕಡೆಯ ಗಂಡ ಹೆಂಡತಿ ಒಂದು ದಿನ ಮಕ್ಕಳ ಹರಕೆ ಕಟ್ಟಲು ಬಂದರು. ಸುಳ್ಳು ನನಗಾಗದು. ಅದು ದೇವರ ಬಟ್ಟೆಯಲ್ಲ, ನಾನು ಉಟ್ಟು ಹರಿದ ಸೀರೆ ಎಂದು ಬಿಡಿಸಿ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡು, "ಇರಲಿ ಬಿಡ್ರಿ ಅಕ್ಕಾರ, ದುಡದ ಸೀರಿ" ಎಂದು ಕಟ್ಟಿಯೇ ಬಿಟ್ಟಳು. ಮರುವರ್ಷ ಎರಡೂ ಕಂಕುಳಲ್ಲಿ ಎರಡು ಕೂಸು ಎತ್ತಿಕೊಂಡು, ಪೇಢೆಯ ಡಬ್ಬಿಯ ಸಮೇತ ಬಂದಳು. ಅವಳಿ ಜವಳಿ.

ನಾನು ಆ ಸೀರೆ ಉಟ್ಟಷ್ಟು ದಿನ ಅದರಿಂದ ಒಂದು ಒಳ್ಳೆಯದೂ ಆಗಿರಲಿಲ್ಲ. ಹರಿದ ಮೇಲೆ ಬುದ್ಧಿ ಬಂತು ಅದಕ್ಕೆ.

೩. ಹಕ್ಕಿಗಳು

ಬೇವು, ಹೊಂಗೆ, ಹುಣಸೆ ನೆಟ್ಟ ಗಿಡಗಳು. ಆದರೆ ದಾರಿಯುದ್ದಕ್ಕೂ ಅಲ್ಲಲ್ಲಿ ಕೆಲವರು ಬೋರೆ ಎನ್ನುವ ಬಾರಿಗಿಡ, ಸೀತಾಫಲ ಗುಂಪು ಗುಂಪಾಗಿ ನಿಂತಿವೆ. ಸಸ್ಯಶಾಸ್ತ್ರ ಕಲಿಸುವ ಮೇಡಂ ಒಬ್ಬರು ಇದನ್ನೇ ಮೂರು ದಿನ ಅಳೆದರು. ಯಾವುದೇ ಗುಂಪು ಸಿಕ್ಕಲಿ, ಅದರ ನಡುವೆ ಚಪ್ಪಟೆ ಕಲ್ಲು ಇರುತ್ತಿತ್ತು. ಕೊನೆಗೆ ನನ್ನ ಅಂಗಡಿಯಲ್ಲಿ ಮಂಡಕ್ಕಿ ಗಿರ್ಮಿಟ್ ತಿನ್ನುತ್ತ, ಇದು ಹಕ್ಕಿಗಳ ಕೆಲಸ ಎಂದರು. ಒಂದೇ ಜಾತಿಯ ಹಕ್ಕಿ, ಗುಂಪಿನಲ್ಲಿ ಬಂದು, ಕಲ್ಲಿನ ಮೇಲೆ ಕುಳಿತು ಹಣ್ಣು ತಿಂದು ಬೀಜ ಉಗುಳಿ ಹೋಗುತ್ತದೆ. ಯಾವ ಹಕ್ಕಿ ಎಂಬುದು ಮಾತ್ರ ಗೊತ್ತಾಗುತ್ತಿಲ್ಲ, ನೀವೇನಾದರೂ ನೋಡಿದ್ದೀರಾ ಎಂದು ಕೇಳಿದರು.

ನಾವು ಬುತ್ತಿ ಬಿಚ್ಚಿ ಕೂರುತ್ತಿದ್ದದ್ದು ಆ ಚಪ್ಪಟೆ ಕಲ್ಲುಗಳ ಮೇಲೆ. ರೊಟ್ಟಿ ಮುಗಿದ ಮೇಲೆ ಸೆರಗಿನಲ್ಲಿದ್ದ ಬಾರಿಹಣ್ಣು, ಸೀತಾಫಲ ತಿನ್ನುವುದು, ಯಾರ ಬೀಜ ದೂರ ಬೀಳುತ್ತದೆಂದು ಪಂದ್ಯ ಕಟ್ಟಿ ಉಗುಳುವುದು.

"ನೋಡೇನ್ರಿ ಮೇಡಂ" ಎಂದೆ. "ಹದಿನೇಳು ಹಕ್ಕಿ. ಎಲ್ಲಾ ಕಚ್ಚಿ ಹಾಕಿ ಸೀರಿ ಉಟ್ಟಿದ್ವು."

೪. ದಾಖಲೆ

ಕೊನೆಗೊಂದು ದಿನ ಸಾಹೇಬರು ಫಲಕಕ್ಕೆ ಬರೆದ ಮಜಕೂರು ತೋರಿಸಿದರು. ನಾನೇ ಓದಿದೆ. "ನಿಸರ್ಗದತ್ತವಾದ ಈ ಅರಣ್ಯವು" ಎಂದು ಶುರುವಾಗಿತ್ತು. ಅಲ್ಲಿಗೇ ನಿಲ್ಲಿಸಿದೆ.

"ಸಾಹೇಬ್ರ, ನಿಸರ್ಗ ಇಲ್ಲಿ ಕೊಟ್ಟದ್ದು ಬರೇ ಕಲ್ಲು. ಉಳದದ್ದು ನಾವು ಕೊಟ್ಟೇವಿ."

ಸಾಹೇಬರು ಹೊಸಬರು, ಮೆತ್ತಗಿನ ಮನುಷ್ಯ. ನಿಮ್ಮ ಮಾತು ಖರೇ ಇರಬಹುದು, ಆದರೆ ದಾಖಲೆ ಬೇಕು ಎಂದರು. ಆಗಿನ ಹಾಜರಿ ಪುಸ್ತಕ ಹುಡುಕಿಸಿದರೆ ಗೆದ್ದಲು ಅದನ್ನು ಮೊದಲ ಪುಟದಿಂದ ಕಡೆಯವರೆಗೆ ಓದಿ ಮುಗಿಸಿತ್ತು. ಕಾಗದ ಹೋದರೇನು, ಮನುಷ್ಯರು ಇದ್ದಾರೆ, ಕರೆಸುತ್ತೇನೆ ಎಂದೆ. ಅವರು ಅನುಮಾನದಿಂದಲೇ ಬುಧವಾರ ಬರಲು ಹೇಳಿದರು. ಅಲ್ಲಿಯವರೆಗೆ ಅವರಿಗೆ ಚಹಾ ಬಂದ್ ಎಂದು ನಾನೂ ಹೇಳಿದೆ. ಹೇಳಿದಂತೆ ನಡೆದುಕೊಂಡೆ.

ಹದಿನೇಳರಲ್ಲಿ ಮೂವರು ಈಗ ಇಲ್ಲ. ಉಳಿದವರು ಉಗರಗೋಳ, ಮನೋಳಿ, ತೊರಗಲ್ ಎಂದು ಚದುರಿಹೋಗಿದ್ದರು. ಫೋನಿನ ಮೇಲೆ ಫೋನು ಮಾಡಿ ಎಲ್ಲರನ್ನೂ ಕೂಡಿಸಿದೆ. ಮೊಣಕಾಲು ನೋವು ಎಂದವಳಿಗೆ, ನಿನ್ನ ಹೆಸರು ಬಿಟ್ಟು ಹೋದರೆ ನನಗೆ ಅನ್ನಬೇಡ ಎಂದೆ. ಆಕೆಯೇ ಎಲ್ಲರಿಗಿಂತ ಮೊದಲು ಬಂದಳು.

ಸಾಹೇಬರು ಜಾಣತನ ಮಾಡಿದರು. ಯಾರಿಗೂ ಏನೂ ಹೇಳಿಕೊಡದೆ, ನಿಮ್ಮ ನಿಮ್ಮ ಸಾಲು ತೋರಿಸಿ ಎಂದರು. ಮೊದಲ ಆರು ಸಾಲು ಸರಾಗ ಹೋಯಿತು. ಒಬ್ಬೊಬ್ಬಳೂ ತನ್ನ ಮರ ತಡವಿ, ನುಂಗಿ ಉಳಿದ ಚಿಂದಿ ತೋರಿಸಿ, ಇದರ ಬುಡದಲ್ಲಿ ಚೇಳು ಕಡಿದಿತ್ತು, ಇದಕ್ಕೆ ನೀರು ಹಾಕುವಾಗ ಬಸಿರಿದ್ದೆ ಎಂದು ಹೇಳುತ್ತ ಹೋದಳು. ಸಾಹೇಬರು ತಲೆ ಅಲ್ಲಾಡಿಸುತ್ತಿದ್ದರು. ಹೌದೆಂದೋ ಅಲ್ಲವೆಂದೋ ತಿಳಿಯುವಂತಿರಲಿಲ್ಲ. ಇವೆಲ್ಲ ನಾನು ಹೇಳಿಕೊಟ್ಟ ಪಾಠ ಎಂಬ ಗುಮಾನಿ ಅವರ ಕಣ್ಣಿನಲ್ಲಿ ಇನ್ನೂ ಇತ್ತು.

ಏಳನೆಯ ಸಾಲು ಬಂತು. ಏಳಕ್ಕೂ ಎಂಟಕ್ಕೂ ನಡುವೆ ಒಂದು ಬೇವಿದೆ, ಚಿಂದಿಯನ್ನು ಪೂರ್ತಿ ನುಂಗಿ, ಕುಡಿದವನ ಹಾಗೆ ಡೊಂಕಾಗಿ ನಿಂತದ್ದು. ಇದು ಯಾರದು ಎಂದು ಸಾಹೇಬರು ಕೇಳಿದರು. ಏಳನೆಯ ಸಾಲಿನವಳು ಎಂಟನೆಯ ಸಾಲಿನವಳ ಕಡೆ ನೋಡಿದಳು. ಇಬ್ಬರೂ ಒಂದೇ ಮನೆಗೆ ಸೊಸೆಯಾಗಿ ಬಂದ ನೆಗೆಣ್ಣಿಯರು.

"ಈಕೀದರಿ" ಎಂದಳು ಏಳನೆಯ ಸಾಲಿನ ಹಿರಿಯಾಕೆ.

"ನಂದ್ಯಾಕ ಆಗ್ತದ? ನಾ ಹಚ್ಚಿದ ಗಿಡ ಎಲ್ಲಾ ಗೆರಿ ಹೊಡದಂಗ ನಿಂತಾವ, ನೋಡು."

"ನೀ ಹಚ್ಚಿದ ಮೆಂತ್ಯಾ ಸೈತ ಡೊಂಕ ಏಳತೈತಿ. ನಾ ನಿನ್ನ ಕೂಡ ಒಂದ ಹಿತ್ತಲದಾಗ ಇದ್ದಾಕಿ."

"ಹಿತ್ತಲದ ಮಾತು ಬ್ಯಾಡ ಅಕ್ಕಾ. ಅವತ್ತು ಸಸಿ ಕೈಯಾಗ ಹಿಡಕೊಂಡು ನಿದ್ದಿ ಹೊಡದಾಕಿ ಯಾರು? ಮೇಸ್ತ್ರಿ ಬಂದ ಅಂತ ಎದ್ದು, ಗುಂಡಿ ನೋಡಲಾರದ ತುರುಕಿದಾಕಿ ಯಾರು?"

ಉಳಿದ ಹನ್ನೊಂದು ಮಂದಿಯೂ ಎರಡು ಪಕ್ಷವಾದರು. ಯಾರು ಯಾರ ಕೊಡ ಒಡೆದದ್ದು, ಯಾರು ಯಾರ ಬುತ್ತಿಯ ಶೇಂಗಾ ಹಿಂಡಿ ತಿಂದದ್ದು, ಯಾರು ಒಣಗಿದ ಸಸಿಗೆ ರಾತ್ರೋರಾತ್ರಿ ಪಕ್ಕದವಳ ಚಿಂದಿ ಕಟ್ಟಿದ್ದು, ಇಪ್ಪತ್ತೈದು ವರ್ಷದಿಂದ ಹೂತಿಟ್ಟದ್ದೆಲ್ಲ ಎದ್ದು ನಿಂತಿತು. ನಾನು ತಲೆಯ ಮೇಲೆ ಕೈ ಹೊತ್ತು ಕತ್ತೆ ಹೆದರಿದ ಬಂಡೆಯ ಮೇಲೆ ಕುಳಿತೆ. ಎಲ್ಲ ಹಾಳಾಯಿತು ಅಂದುಕೊಂಡೆ.

ಸಾಹೇಬರು ಅರ್ಧ ತಾಸು ನಿಂತು ಕೇಳಿದರು. ಆಮೇಲೆ ಗುಮಾಸ್ತನ ಕಡೆ ತಿರುಗಿ ಹೇಳಿದರು: "ಹದಿನೇಳೂ ಹೆಸರು ಬರಕೊಳ್ಳಪಾ. ಸುಳ್ಳು ಹೇಳಾಕ ಬಂದವರು ಇಷ್ಟು ಚಂದ ಜಗಳಾಡೂದಿಲ್ಲ."

ಚಹಾ ಮತ್ತೆ ಚಾಲೂ ಆಯಿತು. ಡೊಂಕು ಬೇವು ಯಾರದೆಂಬುದು ಇವತ್ತಿಗೂ ತೀರ್ಮಾನವಾಗಿಲ್ಲ.

೫. ಫಲಕ

ಫಲಕ ನಿಂತಿತು. ಮೇಲೆ ಗುಡ್ಡದ ಚಿತ್ರ, ಕತ್ತೆಯ ಏಳು ತಿರುವು, ಕೆಳಗೆ ಹದಿನೇಳು ಹೆಸರು. ತೀರಿಹೋದ ಮೂವರದೂ ಸೇರಿ. ಯಾರ ಹೆಸರು ಮೊದಲು ಎಂಬ ಮಾತು ಎದ್ದೊಡನೆ ಸಾಹೇಬರು ಗಾಬರಿಯಾಗಿ, ಬುಡದಿಂದ ಸಾಲಿನ ಪ್ರಕಾರ ಬರೆಸಿಬಿಟ್ಟರು. ನನ್ನದು ಮೂರನೆಯದು. ಓದಲು ಬರದವರ ಕೈ ಹಿಡಿದು ಅವರವರ ಹೆಸರಿನ ಮೇಲೆ ಬೆರಳು ಇಡಿಸಿದೆ. ತನ್ನ ಹೆಸರು ಇಷ್ಟು ಉದ್ದ ಐತೆಂದು ಗೊತ್ತೇ ಇರಲಿಲ್ಲ ಎಂದು ಮೊಣಕಾಲು ನೋವಿನಾಕೆ ಕಣ್ಣೊರೆಸಿಕೊಂಡಳು. ಹೋಗುವ ಮುಂದೆ, ಹಳೆಯ ನೆನಪಿಗೆಂದು, ಒಬ್ಬೊಬ್ಬಳೂ ಒಂದೊಂದು ಸೀರೆಯ ಚಿಂದಿಯನ್ನು ಫಲಕದ ಕಾಲಿಗೆ ಕಟ್ಟಿ ಹೋದಳು.

ತಪ್ಪಾದದ್ದು ಅಲ್ಲಿಯೇ.

ಮುಂದಿನ ಮಂಗಳವಾರ ಬೆಳಿಗ್ಗೆ ಬಂದು ನೋಡಿದರೆ ಫಲಕದ ತುಂಬ ಭಂಡಾರ. ಅರಿಶಿನದ ಪುಡಿಯಲ್ಲಿ ಹೆಸರೆಲ್ಲ ಮುಚ್ಚಿಹೋಗಿದ್ದವು. ಬುಡದಲ್ಲಿ ಕಾಯಿ ಒಡೆದಿದ್ದರು, ಊದಿನಕಡ್ಡಿ ಹೊಗೆಯಾಡುತ್ತಿತ್ತು. ನಾನು ಇಷ್ಟೆಲ್ಲ ಹೋರಾಡಿ ಬರೆಸಿದ ಹೆಸರು ಓದಲಿಕ್ಕೆ ಬೇಡವೇ? ಸೆರಗು ಒದ್ದೆ ಮಾಡಿಕೊಂಡು ಒರೆಸಿದೆ. ಶುಕ್ರವಾರ ಮತ್ತೆ ಬಳಿದರು, ಮತ್ತೆ ಒರೆಸಿದೆ. ಈಗ ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಫಲಕ ತೊಳೆಯುವುದು ನನ್ನ ಪಾಲಿನ ಕೆಲಸ. ಅದನ್ನು ಕಂಡವರು ನಾನೇ ಪೂಜಾರಿ ಎಂದುಕೊಂಡಿದ್ದಾರೆ.

ಮೊನ್ನೆ ಒಬ್ಬ ಹಿರಿಯರು ಕುಟುಂಬ ಸಮೇತ ಬಂದು, ನಾನು ಆಗತಾನೆ ತೊಳೆದಿದ್ದ ಫಲಕಕ್ಕೆ ಅಡ್ಡಬಿದ್ದು, ಬೆಂಚಿನ ಮೇಲೆ ಕುಳಿತರು. ಚಹಾ ಕೊಟ್ಟೆ.

"ಯವ್ವಾ, ಇದು ಯಾವ ದೇವಿ?" ಎಂದು ಕೇಳಿದರು.

"ಹೆಸರು ಬರದಾರಲ್ರಿ, ಓದ್ರಿ."

ಕನ್ನಡಕ ಏರಿಸಿಕೊಂಡು ಒಂದೊಂದೇ ಓದಿದರು. "ಹದಿನೇಳು ಮಂದಿ ಅದಾರ. ಬಾಳ ಜಾಗೃತ ದೇವರು ಅಂತ ಕೇಳೇನಿ. ಇವರಾಗ ಯಾರಿಗೆ ನಡಕೊಂಡ್ರ ಲಗೂ ಕೆಲಸ ಆಗ್ತದ?"

"ಏಳು ಮತ್ತು ಎಂಟರ ಗೊಡವಿಗೆ ಹೋಗಬ್ಯಾಡ್ರಿ, ಅವರದು ಇನ್ನೂ ಜಗಳ ನಡದೈತಿ" ಎಂದೆ. "ಮೂರನೇದಾಕಿನ್ನ ಕೇಳ್ಕೋರಿ. ನಿಮ್ಮ ಚಹಾಕ್ಕ ಸಕ್ಕರಿ ಆಕೀನ ಹಾಕ್ಯಾಳ."