ಪ್ರತಿ ಶನಿವಾರ ಉದ್ಘಾಟನೆ

ಕಾರ್ಡಿಫ್ ನಗರದ ಐದನೆಯ ವೃತ್ತಿಪರ ರಗ್ಬಿ ಲೀಗ್ ಕ್ಲಬ್ಬು ತನ್ನ ಎರಡನೆಯ ಪಂದ್ಯಕ್ಕೇ ತೀರಿಕೊಳ್ಳುವ ಸ್ಥಿತಿಗೆ ಬಂದಿತ್ತು. ಹಿಂದಿನ ನಾಲ್ಕೂ ಹೀಗೇ ಹೋಗಿದ್ದರಿಂದ ಇದನ್ನು ಯಾರೂ ಅನಾಹುತವೆಂದು ಪರಿಗಣಿಸಲಿಲ್ಲ.

ಪರಿಗಣಿಸಿದವನು ಕಾರ್ಯದರ್ಶಿ ಇದ್ವಲ್ ಪ್ರಾಸರ್ ಒಬ್ಬನೇ. ಯೌವನದಲ್ಲಿ ಅವನು ಹದಿನೈದು ಜನರ ರಗ್ಬಿ ಆಡುತ್ತಿದ್ದ. ಅದನ್ನು ಬರೀ ಗೌರವಕ್ಕಾಗಿ ಆಡಬೇಕು. ಸಂಬಳ ಕೊಡುವ ಹದಿಮೂರು ಜನರ ಲೀಗಿಗೆ ಅವನು ಹೋದ ದಿನವೇ ಹಳೆಯ ಗೆಳೆಯರು ಬಾಗಿಲು ಹಾಕಿಕೊಂಡರು. ಮೂವತ್ತು ವರ್ಷವಾದರೂ ಅವರ ಕ್ಲಬ್ಬಿನಲ್ಲಿ ಒಂದು ಗ್ಲಾಸು ಬಿಯರ್ ಕುಡಿಯಲು ಅವನಿಗೆ ಅನುಮತಿಯಿಲ್ಲ. ಈಗ ಅವನ ಆಟಗಾರರಿಗೂ ಅದೇ ಗತಿ. ಈ ಕ್ಲಬ್ಬು ಮುಚ್ಚಿದರೆ ಊರಿನ ಯಾವ ಮೈದಾನದಲ್ಲೂ ಅವರು ಚೆಂಡು ಮುಟ್ಟುವಂತಿಲ್ಲ.

ಮೊದಲ ಪಂದ್ಯಕ್ಕೆ ಒಂಬತ್ತು ಸಾವಿರ ಜನ ಬಂದಿದ್ದರು. ವಾದ್ಯದವರಿದ್ದರು, ಮೇಯರ್ ಟೇಪು ಕತ್ತರಿಸಿದ್ದರು. ಎರಡನೆಯದಕ್ಕೆ ಬಂದವರು ನೂರ ತೊಂಬತ್ತು. ಅವರಲ್ಲಿ ಹನ್ನೊಂದು ಜನ ಮಳೆಗೆ ಆಸರೆ ಹುಡುಕಿಕೊಂಡು ಬಂದವರು.

ಮೈದಾನದಲ್ಲಿ ಮಾಂಸದ ಪೈ ಮಾರುವ, ಇದ್ವಲ್‌ನ ಹೆಂಡತಿ ಗ್ಲೆನಿಸ್ ಬುಟ್ಟಿ ಕುಕ್ಕಿದಳು. "ಏನ್ರೀ ಇದು? ಹೋದ ವಾರ ಪೈ ಸಾಲ್ಲಿಲ್ಲ ಅಂತ ಬೈಸ್ಕೊಂಡೆ. ಈ ವಾರ ಇಷ್ಟೂ ಉಳಿದಿದೆ. ನಾನೇ ತಿನ್ಲಾ?"

"ಜನಕ್ಕೆ ಉದ್ಘಾಟನೆ ಅಂದ್ರೆ ಪ್ರಾಣ ಕಣೆ. ಆಟ ಅಂದ್ರೆ ಅಷ್ಟಕ್ಕಷ್ಟೆ."

"ಹಾಗಾದ್ರೆ ವಾರವಾರ ಉದ್ಘಾಟನೇನೇ ಮಾಡ್ಕೊಂಡು ಕೂತ್ಕೊಳಿ!"

ಇದ್ವಲ್ ನಗಲಿಲ್ಲ. ಲೀಗ್ ಮಂಡಳಿಯ ನಿಯಮಾವಳಿ ತೆಗೆದ. ಹದಿನಾಲ್ಕನೆಯ ನಿಯಮ ಸ್ಪಷ್ಟವಾಗಿತ್ತು: "ಸಂಕಷ್ಟದಲ್ಲಿರುವ ಕ್ಲಬ್ಬಿಗೆ ಯಾವುದೇ ನೆರವು ನೀಡತಕ್ಕದ್ದಲ್ಲ. ಹೊಸ ಕ್ಲಬ್ಬನ್ನು ಯಾವ ದಿನ ಬೇಕಾದರೂ ಸ್ಥಾಪಿಸಬಹುದು. ಮೃತ ಕ್ಲಬ್ಬಿನ ಆಟಗಾರರು, ಅಂಗಿಗಳು ಹಾಗೂ ಕಾರ್ಯದರ್ಶಿಯನ್ನು ಹೊಸದು ಬಳಸಿಕೊಳ್ಳತಕ್ಕದ್ದು."

ಸೋಮವಾರ ಸಂತಾಪ ಸಭೆ ನಡೆಯಿತು. ಮಂಗಳವಾರ ಆರನೆಯ ಕ್ಲಬ್ಬಿನ ಸ್ಥಾಪನಾ ಸಭೆ. ಎರಡಕ್ಕೂ ಇದ್ವಲ್‌ನೇ ಅಧ್ಯಕ್ಷ. ಶನಿವಾರ ಮೇಯರ್ ಮತ್ತೆ ಟೇಪು ಕತ್ತರಿಸಿದರು, ಒಂಬತ್ತು ಸಾವಿರ ಜನ ಚಪ್ಪಾಳೆ ತಟ್ಟಿದರು, ಪೈ ಮುಗಿದುಹೋಯಿತು.

ಏಳನೆಯ ಕ್ಲಬ್ಬಿನ ಹೊತ್ತಿಗೆ ನಾಯಕ ಲಿಂಡನ್ ಹೇವರ್ಡ್ ಗೊಂದಲಕ್ಕೆ ಬಿದ್ದ. "ಸಾರ್, ನಾನೀಗ ಯಾವ ಕ್ಲಬ್ಬು?"

"ಅಂಗಿ ಮೇಲೆ ಬರ್ದಿದೆ, ನೋಡ್ಕೋಪ್ಪ."

"ಸೀಮೆಸುಣ್ಣದಲ್ಲಿ ಬರ್ದಿದೀರಲ್ಲ ಸಾರ್."

"ಮತ್ತೆ? ಸೋಮವಾರ ಒರೆಸ್ಬೇಕಲ್ಲ."

ಹೆಸರುಗಳಿಗೆ ಮಾತ್ರ ಸ್ವಲ್ಪ ಬರ ಬಂತು. ಕೆಂಪು ಡ್ರ್ಯಾಗನ್, ನೀಲಿ ಡ್ರ್ಯಾಗನ್ ಮುಗಿದು, ಹದಿನೆಂಟನೆಯ ಕ್ಲಬ್ಬಿಗೆ 'ಸಾಕಷ್ಟು ಕೆಂಪಾದ ಡ್ರ್ಯಾಗನ್' ಎಂದು ಹೆಸರಿಡಲಾಯಿತು.

ಆಗ ಉತ್ತರ ಇಂಗ್ಲೆಂಡಿನಿಂದ ಮಂಡಳಿಯ ತಪಾಸಣಾಧಿಕಾರಿ ಆರ್ಮರಾಡ್ ಬಂದಿಳಿದರು. ಇದ್ವಲ್ ಅವರಿಗೆ ಟೀ ಕೊಟ್ಟ. ಕಿಟಕಿಯಾಚೆ ಹದಿಮೂರು ಜನ ತರಬೇತಿ ಬಿಟ್ಟು ಇತ್ತಲೇ ನೋಡುತ್ತ ನಿಂತಿದ್ದರು.

"ಪ್ರಾಸರ್ ಅವರೇ, ಈ ವರ್ಷ ನೀವು ಹದಿಮೂರು ಕ್ಲಬ್ಬು ಮುಚ್ಚಿದೀರಿ."

"ಹೌದು ಸಾರ್. ಹದಿನಾಲ್ಕು ತೆರೆದಿದೀವಿ."

ಆರ್ಮರಾಡ್ ಬೆರಳು ಮಡಿಸಿ ಲೆಕ್ಕ ಹಾಕಿದರು. ಟೀ ತಣ್ಣಗಾಯಿತು.

"ಅಂದ್ರೆ ಒಂದು ಜಾಸ್ತಿ."

"ಒಂದು ಜಾಸ್ತಿ ಸಾರ್."

"ಅದನ್ನ ಬೆಳವಣಿಗೆ ಅಂತಾರೆ," ಎಂದು ಹೇಳಿ ಅವರು ವರದಿಯಲ್ಲೂ ಹಾಗೇ ಬರೆದರು. ಇತರ ನಗರಗಳು ಒಂದೇ ಕ್ಲಬ್ಬನ್ನು ಐವತ್ತು ವರ್ಷ ಹಿಡಿದುಕೊಂಡು ಕೂತಿರುವುದು ವಿಷಾದನೀಯ ಎಂದೂ ಸೇರಿಸಿದರು. ಇದ್ವಲ್ ಕಿಟಕಿಯಾಚೆಗೆ ಹೆಬ್ಬೆರಳೆತ್ತಿ ತೋರಿಸಿದ. ಹದಿಮೂರು ಜನ ಒಬ್ಬರ ಮೇಲೊಬ್ಬರು ಬಿದ್ದು ಕೂಗಿದರು. ಕಳೆದ ತಿಂಗಳಷ್ಟೇ ಮದುವೆಯಾಗಿದ್ದ ಲಿಂಡನ್ ಕೆಸರಲ್ಲೇ ಕೂತು ಕಣ್ಣೊರೆಸಿಕೊಂಡ.

ಮುಂದಿನ ಶನಿವಾರ ಹತ್ತೊಂಬತ್ತನೆಯ ಕ್ಲಬ್ಬು ಭರ್ಜರಿಯಾಗಿ ಗೆದ್ದಿತು. ಆದರೂ ಮೈದಾನದಂಚಿನ ಕಂಬಿಗೆ ಒರಗಿದ್ದ ಮುದುಕನೊಬ್ಬ ನಿಟ್ಟುಸಿರು ಬಿಟ್ಟ.

"ಏನೇ ಹೇಳಿ, ಈಗಿನ ಕ್ಲಬ್ಬುಗಳಲ್ಲಿ ಆ ಸತ್ವ ಇಲ್ಲ. ನಮ್ಮ ಕಾಲದ ಕ್ಲಬ್ಬು ಆಡೋದನ್ನ ನೀವು ನೋಡ್ಬೇಕಿತ್ತು."

"ಯಾವ ಕಾಲ ತಾತ ಅದು?"

"ಹೋದ ಶನಿವಾರ."

ಸುತ್ತಲಿದ್ದವರೆಲ್ಲ ಟೋಪಿ ತೆಗೆದು ಒಂದು ನಿಮಿಷ ಮೌನವಾಗಿ ನಿಂತರು.