ದೀಪದ ಮುಂದೆ ಮಹಾಪ್ರಾಣ

ಇನ್ನೊಬ್ಬರ ಮಾತು ತಿದ್ದುವುದು ಒಂದು ಚಟ. ಎಲೆ ಅಡಿಕೆಯ ಹಾಗೆ ಅದೂ ಬಾಯಿಗೆ ಸಂಬಂಧಿಸಿದ್ದೇ. ಆದರೆ ಎಲೆ ಅಡಿಕೆ ತಿನ್ನುವವನು ತನ್ನ ಬಾಯಿ ಮಾತ್ರ ಕೆಡಿಸಿಕೊಳ್ಳುತ್ತಾನೆ, ತಿದ್ದುವವನು ಊರವರ ಬಾಯಿಯನ್ನೆಲ್ಲ ಕೆಡಿಸುತ್ತಾನೆ. ನಾನು ಬಸವಕಲ್ಯಾಣದ ಒಂದು ಶಾಲೆಯಲ್ಲಿ ಕನ್ನಡ ಮಾಸ್ತರ. ಮನೆ ಇರುವುದು ಹುಮನಾಬಾದಿನಲ್ಲಿ. ದಿನಾ ಬಸ್ಸಿನ ಕಿಟಕಿಯಲ್ಲಿ ಕೂತು ದಾರಿಯ ಬೋರ್ಡುಗಳಿಗೆಲ್ಲ ಮನಸ್ಸಿನಲ್ಲೇ ಕೆಂಪು ಇಂಕು ಹಾಕುತ್ತಾ ಹೋಗಿಬರುತ್ತೇನೆ. ಇಷ್ಟು ವರ್ಷ ಈ ಚಟ ಶಾಲೆಗೂ ಬಸ್ಸಿಗೂ ಸೀಮಿತವಾಗಿತ್ತು. ಹೋದ ಶ್ರಾವಣದಲ್ಲಿ ಕೆಟ್ಟ ಗಳಿಗೆಯೊಂದರಲ್ಲಿ ಅದನ್ನು ಮನೆಗೂ ತಂದೆ.

ನಮ್ಮ ಕಡೆ ಮಹಾಪ್ರಾಣಕ್ಕೆ ಅಂಥ ಮರ್ಯಾದೆ ಏನಿಲ್ಲ. ಭಾಷಣ ಬಾಷಣವಾಗುತ್ತದೆ, ಧರ್ಮ ದರ್ಮವಾಗುತ್ತದೆ, ಯಾರದೂ ಏನೂ ಹೋಗುವುದಿಲ್ಲ. ನಮ್ಮ ಬಾಯಿಗೆ ಬರುವುದಿಲ್ಲ ಅಂತಲ್ಲ. ಸೀಟು 'ಖಾಲಿ' ಅದ ಅನ್ನುವಾಗ ಕಂಡಕ್ಟರನ ಆ ಖ ಕೇಳಬೇಕು, ಎದುರಿಗಿದ್ದವರ ಕೂದಲು ಹಾರುತ್ತದೆ! ಉರ್ದುವಿಗೆ ಧಾರಾಳವಾಗಿ ಕೊಡುವ ಉಸಿರನ್ನು ಕನ್ನಡಕ್ಕೆ ಬಂದಾಗ ಉಳಿಸಿಕೊಳ್ಳುತ್ತೇವೆ, ಅಷ್ಟೆ. ನಾನೂ ಹಾಗೇ ಇದ್ದವನು. ಬಿ.ಎಡ್. ಓದುವಾಗ ಪಾಠ ಹೇಳಲು ನಿಂತು "ಬಾರತ" ಅಂದೆ. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಆಮೇಲೆ ತಿಂಗಳುಗಟ್ಟಲೆ ಹಾಸ್ಟೆಲಿನ ಕೋಣೆಯಲ್ಲಿ ಬಾಯಿ ಮುಂದೆ ಮೇಣದಬತ್ತಿ ಇಟ್ಟುಕೊಂಡು ಅಭ್ಯಾಸ ಮಾಡಿದೆ. ಕ ಅಂದರೆ ಜ್ವಾಲೆ ಸುಮ್ಮನಿರುತ್ತದೆ, ಖ ಅಂದರೆ ಬಾಗುತ್ತದೆ. ಬತ್ತಿಗಳು ಕರಗಿದವು, ನಾನು ಶುದ್ಧನಾದೆ.

ಇನ್ನು ನನ್ನ ಹೆಂಡತಿ ಜಗದೇವಿ. ದಿನಾ ಸಂಜೆ ದೀಪ ಹಚ್ಚಿ ವಚನ ಹೇಳುವುದು ಅವಳ ರೂಢಿ. ಅದು ಪೂರಾ ಹಾಡೂ ಅಲ್ಲ, ಬರೀ ಓದೂ ಅಲ್ಲ. ಹುಲಸೂರಿನ ತವರುಮನೆಯಲ್ಲಿ ಅವಳ ತಾಯಿ ರೊಟ್ಟಿ ಬಡಿಯುತ್ತಾ ಕಲಿಸಿದ್ದು. ಹಾಗಾಗಿ ಸಾಲು ಸಾಲಿನ ನಡುವೆ ರೊಟ್ಟಿ ತಿರುವಿ ಹಾಕುವಷ್ಟು ಹೊತ್ತು ಈಗಲೂ ನಿಲ್ಲುತ್ತಾಳೆ. ನಾನು ಶಾಲೆಯಿಂದ ಬಂದವನು ಚಹಾ ಕುಡಿದು, ಕುರ್ಚಿಯಲ್ಲಿ ಕಾಲು ಚಾಚಿ, ಅದನ್ನು ಕೇಳುತ್ತಾ ಜೋಂಪಿಗೆ ಜಾರುತ್ತೇನೆ. ಮೊದಲು ಅರ್ಥ ಮುಳುಗುತ್ತದೆ. ಆಮೇಲೆ ಪದಗಳೂ ಮುಳುಗುತ್ತವೆ. ಕೊನೆಗೆ ಬರೀ ಆ, ಓ, ಊ ಅನ್ನುವ ಸ್ವರಗಳು ಮಬ್ಬು ಬೆಳಕಿನಲ್ಲಿ ಮೆಲ್ಲಗೆ ತೇಲುತ್ತಿರುತ್ತವೆ, ಅವುಗಳ ನಡುವೆ ನಾನೂ ಎಲ್ಲೋ ತೇಲುತ್ತಿರುತ್ತೇನೆ. ಇದಕ್ಕಿಂತ ದೊಡ್ಡ ಸುಖ ನನಗಂತೂ ಗೊತ್ತಿಲ್ಲ.

ಅಂಥದ್ದರಲ್ಲಿ ಬಸವಕಲ್ಯಾಣದ ಒಂದು ಮಹಿಳಾ ಬಳಗದವರು, ಮುಂದಿನ ಭಾನುವಾರ ತಮ್ಮ ಸಭೆಯಲ್ಲಿ ವಚನ ಹೇಳಬೇಕೆಂದು ಜಗದೇವಿಯನ್ನು ಕರೆದರು. ಮದುವೆಯಾದಾಗಿನಿಂದ ಅವಳನ್ನು ಅವಳ ಹೆಸರು ಹಿಡಿದು ಯಾರೂ ಎಲ್ಲಿಗೂ ಕರೆದಿರಲಿಲ್ಲ, ಕರೆದರೆ 'ಮಾಸ್ತರ್ರ ಮನಿಯವರು' ಅಂತಲೇ. ಅವಳು ಅವತ್ತೇ ಇಳಕಲ್ ಸೀರೆ ಇಸ್ತ್ರಿಗೆ ಕೊಟ್ಟಳು. ನನಗೆ ಮಾತ್ರ ಕಿವಿಯೊಳಗೆ ಆ ಹಳೇ ಕ್ಲಾಸು ಗೊಳ್ಳೆಂದಿತು. ಮೈಕಿನಲ್ಲಿ ಇವಳು 'ಬಕ್ತಿ' ಅಂದುಬಿಟ್ಟರೆ?

ಸೋಮವಾರ ಸಂಜೆಯೇ ಪಾಠ ಶುರು ಮಾಡಿದೆ. ಮೇಣದಬತ್ತಿ ಸಿಗಲಿಲ್ಲ, ದೇವರ ಮುಂದಿನ ದೀಪವನ್ನೇ ತಟ್ಟೆ ಸಮೇತ ಎತ್ತಿ ಅವಳ ಬಾಯಿ ಮುಂದೆ ಹಿಡಿದೆ.

"ಭಕ್ತಿ ಅನ್ನು."

"ಬಕ್ತಿ." ಜ್ವಾಲೆ ಕದಲಲಿಲ್ಲ.

"ಹಂಗಲ್ಲ, ಎದಿಯಿಂದ ಬರಬೇಕು."

"ಎದಿಯಿಂದನ ಹೇಳಾಕತ್ತೇನ್ರಿ," ಅಂದಳು.

ನಾನೇ ತೋರಿಸಿಕೊಡುತ್ತೇನೆಂದು ದೀಪವನ್ನು ನನ್ನ ಕಡೆ ತಿರುಗಿಸಿ, ಎದೆ ತುಂಬ ಉಸಿರೆಳೆದು "ಭಕ್ತಿ!" ಅಂದೆ. ದೀಪ ಪಕ್ಕನೆ ಆರಿತು. ಮೂಲೆಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ಅವ್ವ ಹೌಹಾರಿದಳು. ನಮ್ಮಲ್ಲಿ ದೀಪವನ್ನು ಬಾಯಿಂದ ಊದುವಂತಿಲ್ಲ, 'ಆರಿಸು' ಅನ್ನುವಂತೆಯೂ ಇಲ್ಲ. 'ಶಾಂತ ಮಾಡು' ಅನ್ನಬೇಕು, ಅದೂ ಹೂವಿನಿಂದ.

"ಏ ಶರಣ್ಯಾ! ದೀಪ ಹಚ್ಚೋ ಹೊತ್ತಿನ್ಯಾಗ ಬಾಯಿಲೆ ಊದ್ತಾರೇನೋ? ಕಲ್ತು ಕಲ್ತು ಇದ್ದ ಬುದ್ಧೀನೂ ಹೋತು!" ಅಂತ ನನ್ನ ಮೇಲೆ ರೇಗಿದಳು.

ಹೀಗೆ ಮೂರು ಸಂಜೆಯಲ್ಲಿ ನಾಲ್ಕು ಸಲ ದೀಪ ಆರಿಸಿದೆ, ನಾಲ್ಕು ಸಲ ಬೈಸಿಕೊಂಡೆ. ಬುಧವಾರ ಕೊನೆಗೂ ಜಗದೇವಿಯ 'ಭ'ಕ್ಕೆ ಜ್ವಾಲೆ ಬಾಗಿತು. ಆದರೆ ರೊಟ್ಟಿ ತಿರುವುವ ಆ ನಿಲುಗಡೆ ಹೋಗಿಬಿಟ್ಟಿತ್ತು. ಪ್ರತಿ ಭ, ಪ್ರತಿ ಧ ಬಂದಾಗಲೂ ತುಂಬಿದ ಹಳ್ಳ ದಾಟುವವರ ಹಾಗೆ ನಿಂತು, ಅಳೆದು, ಹಾರುತ್ತಿದ್ದಳು. ನನಗೆ ಜೋಂಪು ಹತ್ತಲಿಲ್ಲ.

ಗುರುವಾರ ದೀಪ ಹಚ್ಚಿದಳು, ಕೈ ಮುಗಿದಳು. ಸದ್ದಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು.

"ಯಾಕ, ಏನಾತು?" ಅಂದೆ.

"ಮನಸ್ಸಿನ್ಯಾಗ ಹೇಳಾಕತ್ತೇನ್ರಿ. ಅಲ್ಲಿ ತಪ್ಪು ಆಗಂಗಿಲ್ಲ. ಬಸವಕಲ್ಯಾಣದವರಿಗೆ ಫೋನ್ ಮಾಡಿ ನಾ ಬರಂಗಿಲ್ಲ ಅಂತ ಹೇಳಿಬಿಡ್ರಿ. ನನಗ ಭಾಷಾ ಬರಂಗಿಲ್ಲ."

ಆ 'ಭಾಷಾ'ದ ಭ ಎಷ್ಟು ಶುದ್ಧವಾಗಿತ್ತೆಂದರೆ, ನನಗೆ ನಾಚಿಕೆಯಾಯಿತು.

ಶುಕ್ರವಾರವೂ ವಚನ ತುಟಿಯಲ್ಲೇ ಉಳಿಯಿತು. ನಾನು ಫೋನ್ ಮಾಡಲಿಲ್ಲ. ಶನಿವಾರ ಶಾಲೆ ಬಿಟ್ಟು ಬಸ್ಸಿನಲ್ಲಿ ಬರುವಾಗ ಕಿಟಕಿಗೆ ತಲೆ ಆನಿಸಿದೆ. ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಏನೋ ಮಾತಾಡುತ್ತಿದ್ದರು. ಇಂಜಿನ್ನಿನ ಸದ್ದಿನಲ್ಲಿ ವ್ಯಂಜನಗಳೆಲ್ಲ ಅಳಿಸಿಹೋಗಿ ಬರೀ ಏರಿಳಿತ ಕೇಳುತ್ತಿತ್ತು. ಇದು ಕನ್ನಡವೋ, ಮರಾಠಿಯೋ, ದಖನಿಯೋ, ಯಾವುದೂ ಗೊತ್ತಾಗಲಿಲ್ಲ. ಆದರೂ ಒಬ್ಬಳು ಅಳುತ್ತಿದ್ದಾಳೆ, ಇನ್ನೊಬ್ಬಳು ಸಮಾಧಾನ ಮಾಡುತ್ತಿದ್ದಾಳೆ ಅನ್ನುವುದು ಚೆನ್ನಾಗಿ ಗೊತ್ತಾಯಿತು. ಹೊರಗೆ ತೊಗರಿ ಹೊಲಗಳು ಹಿಂದೆ ಹಿಂದೆ ಸರಿಯುತ್ತಿದ್ದವು. ಇದ್ದಕ್ಕಿದ್ದ ಹಾಗೆ ಅವ್ವ ಬೈದದ್ದು ಬರೀ ದೀಪಕ್ಕಲ್ಲ ಅನಿಸಿತು. ನನ್ನ ಹೆಂಡತಿಯ ದನಿಯನ್ನೇ ನಾನು ಊದಿ ಆರಿಸಿದ್ದೆ.

ಮನೆಗೆ ಬಂದವನೇ, "ಜಗದೇವಿ, ತಪ್ಪಾತು. ನೀ ಹ್ಯಾಂಗ ಹೇಳ್ತಿದ್ದಿ ಹಂಗ ಹೇಳು. ಬಿ.ಎಡ್. ಕ್ಲಾಸಿನ್ಯಾಗ ನನಗ ನಕ್ಕಂಗ ನಿನಗೂ ನಾಕು ಮಂದ್ಯಾಗ ನಗ್ತಾರಂತ ಅಂಜಿದ್ದೆ," ಅಂದೆ.

"ನನ್ನ ನೋಡಿ ಯಾರ್ ನಕ್ಕಾರ್ರಿ? ನಕ್ಕಿದ್ದು ನಿಮ್ಮ ನೋಡಿ," ಅಂದಳು. ಆದರೂ ದೀಪ ಹಚ್ಚಿದಳು, ಆಮೇಲೆ ಶುರು ಮಾಡಿದಳು. ರೊಟ್ಟಿ ತಿರುವುವ ಆ ನಿಲುಗಡೆ ಮರಳಿ ಬಂತು. ಪದಗಳು ಮುಳುಗಿದವು. ನಾನು ಕುರ್ಚಿಯಲ್ಲಿ ಎಲ್ಲೆಲ್ಲೋ ತೇಲಿಹೋದೆ.

ಗದ್ದಕ್ಕೆ ಬೆಚ್ಚಗಾಗಿ ಕಣ್ಣು ಬಿಟ್ಟೆ. ಮೂತಿಯ ಮುಂದೆಯೇ ದೀಪದ ತಟ್ಟೆ! ಅದರ ಹಿಂದೆ ಅತ್ತೆ ಸೊಸೆ ಇಬ್ಬರೂ ಪರೀಕ್ಷಾ ಕೊಠಡಿಯ ಮೇಲ್ವಿಚಾರಕರ ಹಾಗೆ ಬಗ್ಗಿ ನೋಡುತ್ತಿದ್ದರು.

"ಇದೇನಿದು?" ಅಂದೆ.

"ಏನಿಲ್ಲರಿ. ನೀವು ದಿನಾ ನಿದ್ದ್ಯಾಗ ನನ್ನ ಸಂಗಡ ವಚನ ಹೇಳ್ತೀರಿ. ಇವತ್ತ ಪರೀಕ್ಷಾ ಮಾಡಿ ನೋಡಿದಿವಿ," ಅಂದಳು ಜಗದೇವಿ.

"ಭಕ್ತಿ ಅಂದೆನಾ?"

"ಮೂರು ಸಲ ಅಂದಿ," ಅಂದಳು ಅವ್ವ. "ದೀಪ ಒಟ್ಟ ಅಲಗ್ಯಾಡಲಿಲ್ಲಪ್ಪ. ನನ್ನ ಮಗ ಒಳಗ ಇನ್ನಾ ನಮ್ಮವನೇ ಅದಾನ."

ಮರುದಿನ ಬಸವಕಲ್ಯಾಣದ ಆ ಸಭೆಯಲ್ಲಿ ನಾನು ಕೊನೆಯ ಸಾಲಿನಲ್ಲಿ ಕೂತಿದ್ದೆ. ಜಗದೇವಿ 'ಬಕ್ತಿ' ಅಂದಳು. ಯಾರೂ ನಗಲಿಲ್ಲ. ಅವಳು ನಿಲ್ಲಿಸಿದಲ್ಲೆಲ್ಲ ಇಡೀ ಸಭೆ ಅವಳ ಜೊತೆ ನಿಲ್ಲುತ್ತಿತ್ತು. ಮುಂದಿನ ಸಾಲಿನ ಮುದುಕಿಯರು ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಿದ್ದರು. ಅಷ್ಟರಲ್ಲಿ ಬಳಗದವರೊಬ್ಬರು, "ಜಗದೇವಿ ಅವರ ಮನಿಯವರೂ ಬಂದಾರ, ಎರಡು ಮಾತು ಆಡ್ರಿ," ಅಂದರು. ಹೋದೆ. ಅಭ್ಯಾಸಬಲ ನೋಡಿ, ಮೈಕನ್ನು ಬಾಯಿಗೆ ಒತ್ತಿ ಹಿಡಿದು, ಎದೆಯಾಳದಿಂದ "ಭಗಿನಿಯರೇ!" ಅಂದೆ. ಸ್ಪೀಕರಿನಿಂದ ಢಮ್ಮೆಂದು ಸದ್ದು ಬಂದು ಮುದುಕಿಯರೆಲ್ಲ ಕಣ್ಣು ಬಿಟ್ಟರು. ಮೈಕಿನವನು ಓಡಿ ಬಂದು, "ಸರ್, ಮೈಕ್ ಊದಬ್ಯಾಡ್ರಿ!" ಅಂದ. ಸಭೆ ಗೊಳ್ಳೆಂದು ನಕ್ಕಿತು. ಮೊದಲು ನಕ್ಕವಳು ಜಗದೇವಿ.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಮುಖ ಊದಿಸಿಕೊಂಡು ಕೂತಿದ್ದೆ. ಕಿಟಕಿಯ ಗಾಳಿ ತಂಪಾಗಿತ್ತು, ಕಣ್ಣು ಎಳೆಯುತ್ತಿತ್ತು. ಅವಳು ತನ್ನ ಹೆಗಲನ್ನು ಸ್ವಲ್ಪ ಈಚೆ ಸರಿಸಿದಳು.

"ಮಲ್ಕೊರಿ," ಅಂದಳು. "ನಿದ್ದ್ಯಾಗ ಭಾಳ ಛಂದ ಮಾತಾಡ್ತೀರಿ ನೀವು."